ಕುದುರೆಮುಖದಲ್ಲಿ ಗಣಿ ನಿಂತ ಕತೆ

1999ರ ಜುಲೈ 24ಕ್ಕೆ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ಗಣಿ ಗುತ್ತಿಗೆ ಮುಗಿಯಿತು. ಅದು ಮೂವತ್ತು ವರ್ಷದ ಗುತ್ತಿಗೆ, 4,604.55 ಹೆಕ್ಟೇರ್ ಜಾಗ. ಗುತ್ತಿಗೆ ಮುಗಿದರೂ ಗಣಿ ನಿಲ್ಲಲಿಲ್ಲ. ಒಂದು ವರ್ಷಕ್ಕೆಂದು ತಾತ್ಕಾಲಿಕ ಅನುಮತಿ ಬಂತು, ಅದು ತೀರುವ ಹೊತ್ತಿಗೆ ಮತ್ತೊಂದು ಬಂತು. ಕಂಪನಿ ಕೇಳಿದ್ದು ಇನ್ನೂ ಇಪ್ಪತ್ತು ವರ್ಷ. ಕೇಂದ್ರ ಸರ್ಕಾರದ್ದೇ ಕಂಪನಿ, ವಿದೇಶಿ ವಿನಿಮಯ ತರುವ ಕಂಪನಿ, ಸಾವಿರಾರು ಮಂದಿಗೆ ಅನ್ನ ಹಾಕುವ ಕಂಪನಿ. ಅದು ಕೇಳಿದ್ದು ಸಿಗದೇ ಹೋದೀತು ಎಂದು ಕಳಸದಲ್ಲಾಗಲಿ ದೆಹಲಿಯಲ್ಲಾಗಲಿ ಹೆಚ್ಚಿನವರು ಅಂದುಕೊಂಡಿರಲಿಲ್ಲ.

ಆರು ವರ್ಷ ಕಳೆದು, 2005ರ ಡಿಸೆಂಬರ್ 31ರಂದು ಗಣಿ ನಿಂತಿತು. ನಿಲ್ಲಿಸಲು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದು ಬೆಂಗಳೂರಿನ ವೈಲ್ಡ್‌ಲೈಫ್ ಫಸ್ಟ್ ಎಂಬ ಸಣ್ಣ ಟ್ರಸ್ಟ್. ಕರ್ನಾಟಕದ ಪರಿಸರ ಹೋರಾಟ ಎಂದೊಡನೆ ನಮಗೆ ನೆನಪಾಗುವುದು ಸಲ್ಕಣಿಯಲ್ಲಿ ಮರ ಅಪ್ಪಿಕೊಂಡ ಊರವರು, ಕೈಗಾ ವಿರುದ್ಧದ ಪಾದಯಾತ್ರೆ. ಕುದುರೆಮುಖದ ಕತೆ ಆ ಜಾತಿಯದ್ದಲ್ಲ. ಇಲ್ಲಿ ಮುಖ್ಯ ಕೆಲಸ ನಡೆದದ್ದು ಕಡತಗಳಲ್ಲಿ, ಗೆಜೆಟ್ ಅಧಿಸೂಚನೆಗಳ ತಾರೀಖುಗಳಲ್ಲಿ, ಸರ್ವೆ ನಕ್ಷೆಗಳಲ್ಲಿ, ಮಳೆಗಾಲದ ಹೊಳೆಯಿಂದ ಎತ್ತಿ ತಂದ ಕೆಂಪು ನೀರಿನಲ್ಲಿ. ಘೋಷಣೆ ಕೂಗಿದವರೂ ಇದ್ದರು, ಅವರ ಪಾಲೂ ಸಣ್ಣದಲ್ಲ. ಆದರೆ ಗಣಿಯನ್ನು ಕಟ್ಟಿಹಾಕಿದ್ದು ಕಾಗದ. ಇದು ಕೇಳಲು ನೀರಸ ಅನ್ನಿಸಬಹುದು. ಅದರಿಂದಲೇ ಇರಬೇಕು, ಈ ಕತೆಯನ್ನು ನಾವು ಮಕ್ಕಳಿಗೆ ಹೇಳುವುದು ಕಡಿಮೆ.

ಕುದುರೆಮುಖದ ಹೊಟ್ಟೆಯಲ್ಲಿ ಕಬ್ಬಿಣ ಇದೆ ಎಂಬುದು ಹೊಸ ವಿಷಯವೇನಲ್ಲ. 1913ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಇಲ್ಲಿನ ಮ್ಯಾಗ್ನಟೈಟ್ ಅದಿರನ್ನು ಗುರುತಿಸಿದ್ದರು. ಆದರೆ ಅದು ಕಡಿಮೆ ದರ್ಜೆಯ ಅದಿರು. ಬಂಡೆ ಒಡೆದು, ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿ, ಆಯಸ್ಕಾಂತದ ಬಲದಿಂದ ಕಬ್ಬಿಣವನ್ನು ಬೇರ್ಪಡಿಸಿದರೆ ಮಾತ್ರ ಅದಕ್ಕೆ ಬೆಲೆ. ಅಂಥ ಕಾರ್ಖಾನೆಗೆ ಬೇಕಾದ ದುಡ್ಡು ಅರವತ್ತು ವರ್ಷ ಯಾರಲ್ಲೂ ಇರಲಿಲ್ಲ. ಕೊನೆಗೆ ಆ ದುಡ್ಡಿನ ಭರವಸೆ ಬಂದದ್ದು ಇರಾನಿನಿಂದ. 1973ರ ನಂತರ ತೈಲದ ಬೆಲೆ ಏರಿ, ಅಲ್ಲಿನ ಷಾ ಬಳಿ ಹಣ ಹರಿದಾಡುತ್ತಿತ್ತು. ಅವರಿಗೆ ಉಕ್ಕಿನ ಕಾರ್ಖಾನೆಗಳು ಬೇಕಿದ್ದವು, ಅವಕ್ಕೆ ಅದಿರು ಬೇಕಿತ್ತು. 1975ರ ನವೆಂಬರಿನಲ್ಲಿ ಒಪ್ಪಂದವಾಯಿತು: ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ಭಾರತ ಅದಿರು ಕೊಡುವುದು. 1976ರ ಏಪ್ರಿಲಿನಲ್ಲಿ ಕಂಪನಿ ಹುಟ್ಟಿತು. ತುರ್ತು ಪರಿಸ್ಥಿತಿಯ ಕಾಲ ಅದು. ಮಲೆನಾಡಿನ ನೆತ್ತಿಯನ್ನು ಅಗೆಯುವುದು ಸರಿಯೇ ಎಂದು ಕೇಳುವ ವಾತಾವರಣ ಇರಲಿಲ್ಲ. ಕೇಳಬೇಕು ಎಂದು ಹೇಳುವ ಅರಣ್ಯ ಸಂರಕ್ಷಣಾ ಕಾಯ್ದೆಯೂ 1980ರ ತನಕ ಬಂದಿರಲಿಲ್ಲ.

1979ರಲ್ಲಿ ಷಾ ದೇಶ ಬಿಟ್ಟು ಓಡಿದರು. ಇರಾನ್ ಅದಿರು ಒಯ್ಯಲೂ ಇಲ್ಲ, ಒಪ್ಪಿದ ಸಾಲವನ್ನು ಪೂರ್ತಿ ಕೊಡಲೂ ಇಲ್ಲ. ಅಷ್ಟರಲ್ಲಿ ಭದ್ರೆಯ ದಡದ ಮಲ್ಲೇಶ್ವರದಲ್ಲಿ ಟೌನ್‌ಶಿಪ್ ಎದ್ದಿತ್ತು, ವರ್ಷಕ್ಕೆ 75 ಲಕ್ಷ ಟನ್ ಸಾಮರ್ಥ್ಯದ ಘಟಕ ಮುಗಿಯುತ್ತ ಬಂದಿತ್ತು. ಗಿರಾಕಿಯಿಲ್ಲದ ಗಣಿಗೆ ಬೇರೆ ಗಿರಾಕಿಗಳನ್ನು ಹುಡುಕಿ ಕೆಲಸ ಶುರುವಾಯಿತು. ನೀರಿನಲ್ಲಿ ಕಲಸಿದ ಕಪ್ಪು ಅದಿರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿದು ಮಂಗಳೂರಿನ ಪಣಂಬೂರಿಗೆ ಹೋಗುತ್ತಿತ್ತು. ಕಬ್ಬಿಣ ತೆಗೆದು ಉಳಿದ ಕೆಸರು ನಿಲ್ಲಲೆಂದು ಲಕ್ಯಾ ಹೊಳೆಗೆ ನೂರು ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದ್ದರು. ಕೃಷಿಗಾಗಲಿ ವಿದ್ಯುತ್ತಿಗಾಗಲಿ ಅಲ್ಲ, ಹೂಳು ತುಂಬಿಸುವುದಕ್ಕೇ ಕಟ್ಟಿದ ಅಣೆಕಟ್ಟು.

ಇಷ್ಟೆಲ್ಲ ನಡೆದದ್ದು ಎಂಥ ಜಾಗದಲ್ಲಿ ಎಂದು ಒಮ್ಮೆ ನೋಡಬೇಕು. ಗಂಗಾಮೂಲದ ವರಾಹ ಪರ್ವತದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ. ಮೊದಲೆರಡು ಪೂರ್ವಕ್ಕೆ ಹೋಗಿ ಅರ್ಧ ಕರ್ನಾಟಕದ ಗದ್ದೆ ತೋಯಿಸುತ್ತವೆ, ಮೂರನೆಯದು ಪಶ್ಚಿಮಕ್ಕೆ ಇಳಿದು ಮಂಗಳೂರಿಗೆ ನೀರು ಕೊಡುತ್ತದೆ. ಗಣಿ ಇದ್ದದ್ದು ಭದ್ರೆಯ ಹುಟ್ಟಿನ ಮಗ್ಗುಲಲ್ಲೇ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಜಾಗ. ಗುಡ್ಡದ ಮೈಯೆಲ್ಲ ಹುಲ್ಲು, ಮಡಿಕೆಗಳಲ್ಲಿ ದಟ್ಟ ಶೋಲಾ ಕಾಡು. ಹೊರಗಿನಿಂದ ಬಂದ ಎಂಜಿನಿಯರಿಗೆ ಆ ಹುಲ್ಲುಗುಡ್ಡ ಬೋಳುಗುಡ್ಡವಾಗಿ ಕಾಣುತ್ತದೆ. ಕಂಪನಿ ಕೂಡ ಪರಿಸರ ಕಾಳಜಿ ಎಂದು ಲಕ್ಷಗಟ್ಟಲೆ ಸಸಿ ನೆಟ್ಟಿತು, ಅಕೇಶಿಯಾದಂಥವನ್ನು, ಸಾವಿರಾರು ವರ್ಷದಿಂದ ಹುಲ್ಲೇ ಇದ್ದ ಜಾಗದಲ್ಲಿ. ಹುಲ್ಲುಗಾವಲನ್ನು ಖಾಲಿ ಜಾಗ ಎಂದು ತಿಳಿಯುವ ಈ ರೋಗ ನಮ್ಮ ಅರಣ್ಯ ಇಲಾಖೆಗೂ ಬಹಳ ಕಾಲ ಅಂಟಿಕೊಂಡಿತ್ತು, ಕಂಪನಿಯೊಂದನ್ನೇ ದೂರಿ ಪ್ರಯೋಜನವಿಲ್ಲ.

ಕುದುರೆಮುಖದ ಕಾಡಿಗೆ ಕಾಗದದ ಮೇಲೆ ಮೊದಲ ಬೆಲೆ ತಂದುಕೊಟ್ಟದ್ದು ಒಂದು ಮಂಗ. ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ, ಆ ದಾರಿ ಬಿಟ್ಟು ಕಾಡಿನ ಕಡೆ ತಿರುಗಿದ್ದ ಉಲ್ಲಾಸ ಕಾರಂತರು 1983-84ರಲ್ಲಿ ಕರ್ನಾಟಕದ ಸಿಂಗಳೀಕಗಳ ಸಮೀಕ್ಷೆ ಮಾಡಿದರು. ಸಿಂಗಳೀಕ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ತುದಿಯಲ್ಲಿ ಕುಚ್ಚು ಇರುವ ಬಾಲ. ಅದು ನೆಲಕ್ಕೆ ಇಳಿಯುವುದು ಅಪರೂಪ, ಒಂದು ಮರದ ನೆತ್ತಿಯಿಂದ ಇನ್ನೊಂದರ ನೆತ್ತಿಗೆ ಹೋಗುತ್ತ ಹಣ್ಣು, ಹುಳು ಹುಡುಕುತ್ತದೆ. ವರ್ಷವಿಡೀ ಯಾವುದಾದರೊಂದು ಮರದಲ್ಲಿ ಹಣ್ಣು ಇರಬೇಕಾದರೆ ಕಾಡು ದೊಡ್ಡದಿರಬೇಕು, ಬಗೆಬಗೆಯ ಮರಗಳಿರಬೇಕು, ನಡುವೆ ಕಡಿದಿರಬಾರದು. ಸಿಂಗಳೀಕದ ಗುಂಪು ಇದೆ ಎಂದರೆ ಅಲ್ಲಿ ಮಳೆಕಾಡು ಇನ್ನೂ ಗಟ್ಟಿಯಾಗಿದೆ ಎಂದರ್ಥ. ಕುದುರೆಮುಖದ ಸುತ್ತಲಿನ ಕಾಡುಗಳಲ್ಲಿ ಅವು ಚೆನ್ನಾಗಿಯೇ ಇದ್ದವು. ಆ ಸಮೀಕ್ಷೆಯ ಬಲದ ಮೇಲೆ ಸಂರಕ್ಷಣೆಯ ಪ್ರಸ್ತಾವ ಹೋಯಿತು; 1987ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ 600.32 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನ ಮಾಡುವ ಉದ್ದೇಶದ ಅಧಿಸೂಚನೆ ಹೊರಡಿಸಿತು. ಗಣಿ ಆ ಗಡಿಯ ಒಳಗೇ ಬಿತ್ತು.

ಆಗ ಇದು ಯಾರಿಗೂ ದೊಡ್ಡ ಸಂಗತಿ ಅನ್ನಿಸಲಿಲ್ಲ. ಉದ್ಯಾನ ಅದರ ಪಾಡಿಗೆ, ಗಣಿ ಅದರ ಪಾಡಿಗೆ. ಗುತ್ತಿಗೆ ಮೊದಲೇ ಇದ್ದದ್ದರಿಂದ ತಕರಾರು ಎತ್ತುವಂತೆಯೂ ಇರಲಿಲ್ಲ. ಆದರೆ ಗುತ್ತಿಗೆ ಮುಗಿದ ದಿನವೇ ಲೆಕ್ಕ ಬದಲಾಗುತ್ತದೆ. ಹಳೆಯ ಗುತ್ತಿಗೆ ಹಳೆಯ ಕಾಲದ್ದು, ನವೀಕರಣ ಮಾತ್ರ ಹೊಸ ನಿರ್ಧಾರ. ಹೊಸ ನಿರ್ಧಾರಕ್ಕೆ 1972ರ ವನ್ಯಜೀವಿ ಕಾಯ್ದೆಯೂ ಅಡ್ಡ ಬರುತ್ತದೆ, 1980ರ ಅರಣ್ಯ ಕಾಯ್ದೆಯೂ ಅಡ್ಡ ಬರುತ್ತದೆ. ಈ ಸಣ್ಣ ಸಂದನ್ನು ವೈಲ್ಡ್‌ಲೈಫ್ ಫಸ್ಟ್‌ನವರು ಕಂಡರು. ಅವರ ಜಾಣತನವೆಲ್ಲ ಇದರಲ್ಲೇ ಇದೆ ಎಂದು ನನ್ನ ಎಣಿಕೆ: 1976ರಲ್ಲಿ ಆದ ತಪ್ಪನ್ನು ಎತ್ತಿ ಆಡಲಿಲ್ಲ, 1999ರಲ್ಲಿ ಆಗಲಿದ್ದ ತಪ್ಪಿಗೆ ಅಡ್ಡ ನಿಂತರು.

ಟ್ರಸ್ಟಿನ ಮುಂದಾಳು ಕೆ.ಎಂ. ಚಿಣ್ಣಪ್ಪ. ಕೊಡಗಿನವರು, 1967ರಲ್ಲಿ ಅರಣ್ಯ ಇಲಾಖೆಗೆ ಸೇರಿ ನಾಗರಹೊಳೆಯ ರೇಂಜರ್ ಆಗಿ ಹೆಸರಾದವರು. ಕಳ್ಳಬೇಟೆಯವರಿಗೂ ಮರಗಳ್ಳರಿಗೂ ಆ ಹೆಸರು ಕೇಳಿದರೆ ಆಗುತ್ತಿರಲಿಲ್ಲ. 1988ರಲ್ಲಿ ಅವರ ಮೇಲೆ ಕೊಲೆಯ ಆರೋಪ ಹೊರಿಸಿ ಜೈಲಿಗೂ ಕಳಿಸಿದ್ದರು, ಆರೋಪ ನಿಲ್ಲಲಿಲ್ಲ. 1992ರಲ್ಲಿ ನಾಗರಹೊಳೆಯ ಕಾಡಿಗೆ ಬೆಂಕಿ ಬಿದ್ದ ಮರುವರ್ಷ ನೌಕರಿ ಬಿಟ್ಟರು. ಆಮೇಲೆ ಶಾಲಾ ಮಕ್ಕಳನ್ನು ಕೂಡಿಸಿಕೊಂಡು ಕಾಡಿನ ಪಾಠ ಹೇಳುತ್ತಿದ್ದರು. ಖಾಕಿ ಬಿಚ್ಚಿದ ಮೇಲೆ ಮಾಡಿದ ಬಹು ದೊಡ್ಡ ಕೆಲಸ ಕುದುರೆಮುಖದ್ದು. ಅವರ ಜೊತೆ ಟ್ರಸ್ಟಿನ ಪ್ರವೀಣ್ ಭಾರ್ಗವ್, ಚಿಕ್ಕಮಗಳೂರಿನ ಡಿ.ವಿ. ಗಿರೀಶ್, ಕುದುರೆಮುಖ ವೈಲ್ಡ್‌ಲೈಫ್ ಫೌಂಡೇಶನ್‌ನ ನಿರೇನ್ ಜೈನ್. ಕಾಡು ಸುತ್ತುವವರು, ಕಾನೂನು ಓದುವವರು, ಫೋಟೊ ತೆಗೆಯುವವರು, ದೆಹಲಿಗೆ ಓಡಾಡುವವರು ಎಲ್ಲ ಸೇರಿದರೂ ಒಂದು ಕೊಠಡಿ ತುಂಬದಷ್ಟು ಜನ.

ಹೂಳಿನ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೊಕದ್ದಮೆಯ ಜೀವಾಳ ಅಲ್ಲಿತ್ತು. ತ್ಯಾಜ್ಯವೆಲ್ಲ ಲಕ್ಯಾ ಅಣೆಕಟ್ಟಿನಲ್ಲಿ ನಿಲ್ಲುತ್ತದೆ, ಹೊಳೆಗೆ ಏನೂ ಬರುವುದಿಲ್ಲ ಎಂಬುದು ಕಂಪನಿಯ ವಾದ. ಘಟಕದಿಂದ ಹೊರಬೀಳುವ ಕೆಸರಿನ ಮಟ್ಟಿಗೆ ಇದರಲ್ಲಿ ಅರ್ಧ ಸತ್ಯ ಇತ್ತು. ಆದರೆ ಗಣಿ ಎಂದರೆ ಘಟಕವೊಂದೇ ಅಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡ, ಅದಕ್ಕೆ ಹತ್ತುವ ಮಣ್ಣಿನ ರಸ್ತೆ, ಬದಿಗೆ ಸುರಿದ ಮಣ್ಣಿನ ರಾಶಿ, ಇವೆಲ್ಲ ಜೂನ್ ಬಂದೊಡನೆ ಬತ್ತಲೆ ಮೈಯಲ್ಲಿ ಮಳೆಗೆ ಒಡ್ಡಿಕೊಳ್ಳುತ್ತವೆ. ಹುಲ್ಲು ಇದ್ದಲ್ಲಿ ನೀರು ಇಂಗುತ್ತದೆ, ತಡವಾಗಿ, ತಿಳಿಯಾಗಿ ಹೊರಬರುತ್ತದೆ. ಹುಲ್ಲು ಕಿತ್ತಲ್ಲಿ ಮಣ್ಣನ್ನೇ ಹೊತ್ತುಕೊಂಡು ಓಡುತ್ತದೆ. ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗ ವಿಜ್ಞಾನಿಗಳು ಮಳೆಗಾಲದ ಭದ್ರೆಯ ನೀರಿನ ಮಾದರಿ ತೆಗೆದು, ಅದರಲ್ಲಿ ಎಷ್ಟು ಮಣ್ಣಿದೆ ಎಂದು ಅಳೆದು ಲೆಕ್ಕ ಹಾಕಿದರು. ಜಲಾನಯನದಲ್ಲಿ ಗಣಿಯ ಜಾಗ ಅತಿ ಸಣ್ಣ ಪಾಲು. ಹೊಳೆ ಹೊತ್ತ ಹೂಳಿನಲ್ಲಿ ಅದರ ಪಾಲು ಅರ್ಧಕ್ಕಿಂತ ಹೆಚ್ಚು. ಆ ಹೂಳು ಹೋಗಿ ಕೂರುವುದು ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ. ಅಲ್ಲಿಗೆ ಇದು ಸಿಂಗಳೀಕದ ಪ್ರಶ್ನೆಯಾಗಿ ಉಳಿಯಲಿಲ್ಲ, ದಾವಣಗೆರೆಯ ಭತ್ತದ ಪ್ರಶ್ನೆಯೂ ಆಯಿತು.

ಇದೇ ಹೊತ್ತಿನಲ್ಲಿ, 2001ರಲ್ಲಿ, ಚೆನ್ನೈನ ಶೇಖರ್ ದತ್ತಾತ್ರಿ ಕುದುರೆಮುಖದ ಗಣಿಯ ಮೇಲೆ ಒಂದು ಪುಟ್ಟ ಸಾಕ್ಷ್ಯಚಿತ್ರ ಮಾಡಿದರು. ಹೆಸರು ‘ಮೈಂಡ್‌ಲೆಸ್ ಮೈನಿಂಗ್’. ಟಿಕೆಟ್ ಇಟ್ಟು ತೋರಿಸಲು ಮಾಡಿದ್ದಲ್ಲ ಅದು. ನಿರ್ಧಾರ ಮಾಡುವ ಕುರ್ಚಿಯಲ್ಲಿದ್ದವರು ಕುದುರೆಮುಖಕ್ಕೆ ಬರುವುದಿಲ್ಲ, ಹಾಗಾಗಿ ಕುದುರೆಮುಖವನ್ನೇ ಅವರ ಮೇಜಿಗೆ ಒಯ್ಯುವ ಉಪಾಯ. ನೂರು ಪುಟದ ಮನವಿ ಓದದ ಅಧಿಕಾರಿ ಕೂಡ ಕೆಲವು ನಿಮಿಷ ಪರದೆ ನೋಡುತ್ತಾನೆ.

ಊರುಗಳಲ್ಲೂ ಸದ್ದು ಎದ್ದಿತ್ತು. ಕಂಪನಿ ಗಂಗಡಿಕಲ್ಲು, ನೆಲ್ಲಿಬೀಡಿನ ಕಡೆಗೂ ಕೈ ಚಾಚಲಿದೆ ಎಂಬ ಸುದ್ದಿ ಹಬ್ಬಿದಾಗ ಶೃಂಗೇರಿ, ಕೊಪ್ಪ ಸೀಮೆಯಲ್ಲಿ ತುಂಗಾ ಮೂಲ ಉಳಿಸಿ ಹೋರಾಟ ಶುರುವಾಯಿತು. ಕಲ್ಕುಳಿ ವಿಠಲ ಹೆಗ್ಡೆಯವರಂಥ ಸ್ಥಳೀಯ ಮುಂದಾಳುಗಳು ಸಭೆ, ಮೆರವಣಿಗೆ ನಡೆಸಿದರು. ಗಣಿ ಬೇಡ ಎಂಬಲ್ಲಿ ಇವರೂ ಬೆಂಗಳೂರಿನ ಟ್ರಸ್ಟಿನವರೂ ಒಂದೇ ಮಾತು. ಉದ್ಯಾನ ಬೇಕೇ ಎಂಬಲ್ಲಿ ಮಾತ್ರ ಪೂರ್ತಿ ಎದುರುಬದುರು. ಆ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಮೊಕದ್ದಮೆ ಹಾಕಿದ ಜಾಗವೂ ಯೋಚಿಸಿ ಆರಿಸಿದ್ದು. 1995ರಲ್ಲಿ ಕೇರಳದ ನಿಲಂಬೂರು ಕೋವಿಲಗಂ ಮನೆತನದ ಟಿ.ಎನ್. ಗೋದಾವರ್ಮನ್ ತಿರುಮುಲ್‌ಪಾಡ್ ಎಂಬವರು ಗೂಡಲೂರಿನ ಕಡೆ ಮರ ಕಡಿಯುವುದನ್ನು ಕಂಡು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಕೋರ್ಟು ಆ ಅರ್ಜಿಯನ್ನು ಮುಚ್ಚದೆ, ದೇಶದ ಕಾಡಿನ ತಕರಾರುಗಳನ್ನೆಲ್ಲ ಅದರಡಿಯೇ ಕೇಳುತ್ತಿತ್ತು. ರಾಷ್ಟ್ರೀಯ ಉದ್ಯಾನಗಳಿಂದ ಒಣಮರ, ಹುಲ್ಲು ಕೂಡ ತೆಗೆಯಬಾರದು ಎಂದು 2000ದ ಫೆಬ್ರುವರಿ 14ರಂದು ಆದೇಶವನ್ನೂ ಕೊಟ್ಟಿತ್ತು. ಬಿದ್ದ ಮರ ಎತ್ತುವಂತಿಲ್ಲದ ಜಾಗದಲ್ಲಿ ಗುಡ್ಡವನ್ನೇ ಎತ್ತಿ ಒಯ್ಯಬಹುದೇ? 2001ರಲ್ಲಿ ಚಿಣ್ಣಪ್ಪನವರ ಹೆಸರಿನಲ್ಲಿ ಇದೇ ಪ್ರಕರಣದೊಳಗೆ ಅರ್ಜಿ ಹೋಯಿತು. ಅದೇ ವರ್ಷದ ಜೂನಿನಲ್ಲಿ ಉದ್ಯಾನದ ಅಂತಿಮ ಅಧಿಸೂಚನೆ ಹೊರಟಾಗ ರಾಜ್ಯ ಸರ್ಕಾರ ಗಣಿಯ ಜಾಗವನ್ನು ಗಡಿಯಿಂದ ಹೊರಗಿಟ್ಟಿತ್ತು. ಹದಿನಾಲ್ಕು ವರ್ಷ ಒಳಗಿದ್ದ ಜಾಗ ಮೊಕದ್ದಮೆಯ ಹೊತ್ತಿಗೆ ಹೊರಗೆ ಹೋದದ್ದು ಕಾಕತಾಳೀಯ ಎಂದು ನಂಬುವುದು ಕಷ್ಟ.

2002ರ ಅಕ್ಟೋಬರ್ 30ರಂದು ಮುಖ್ಯ ನ್ಯಾಯಮೂರ್ತಿ ಬಿ.ಎನ್. ಕಿರ್ಪಾಲ್, ವೈ.ಕೆ. ಸಬರ್ವಾಲ್, ಅರಿಜಿತ್ ಪಸಾಯತ್ ಅವರಿದ್ದ ಪೀಠ ತೀರ್ಪು ಕೊಟ್ಟಿತು. ಪ್ರಕೃತಿಯನ್ನು ಕೊಲ್ಲುವುದು ಹೆತ್ತ ತಾಯಿಯನ್ನು ಕೊಂದಂತೆ ಎಂಬರ್ಥದ ಮಾತಿನಿಂದ ಶುರುವಾಗುವ ತೀರ್ಪು ಅದು. ಕಾರ್ಯಭಾಗ ಮಾತ್ರ ತೀರ ಲೆಕ್ಕಾಚಾರದ್ದು. ಈಗಾಗಲೇ ಅಗೆದ ಜಾಗದಲ್ಲಿ, ಮೇಲ್ಪದರದ ಶಿಥಿಲ ಅದಿರನ್ನು ಮಾತ್ರ, 2005ರ ಕೊನೆಯ ತನಕ ತೆಗೆಯಬಹುದು. ಹೊಸ ಜಾಗ ಮುಟ್ಟುವಂತಿಲ್ಲ ಎಂದು ಕೇಂದ್ರದ ಅರಣ್ಯ ಸಲಹಾ ಸಮಿತಿ ಹೇಳಿತ್ತು. ಕೋರ್ಟು ಅದನ್ನೇ ಎತ್ತಿಹಿಡಿಯಿತು. ನಾಳೆಯೇ ಮುಚ್ಚಿ ಎನ್ನಲಿಲ್ಲ, ಮೂರು ವರ್ಷ ಕೊಟ್ಟಿತು. ಆ ಮೂರು ವರ್ಷದಲ್ಲಿ ಅವಧಿ ವಿಸ್ತರಿಸಿಕೊಳ್ಳಲು ಕಂಪನಿ ಕೋರ್ಟಿನ ಬಾಗಿಲನ್ನು ಮತ್ತೆ ಮತ್ತೆ ತಟ್ಟಿತು. ಬಾಗಿಲು ತೆರೆಯಲಿಲ್ಲ.

ಗಣಿ ಮುಚ್ಚಿದ್ದರಿಂದ ಸೋತವರೂ ಇದ್ದಾರೆ. ಮಲ್ಲೇಶ್ವರದ ಟೌನ್‌ಶಿಪ್ ಆ ಸೀಮೆಯಲ್ಲಿ ಎಲ್ಲೂ ಇಲ್ಲದ ಆಸ್ಪತ್ರೆ, ಶಾಲೆ, ಬೀದಿದೀಪ ಇದ್ದ ಊರು. ಕಾಯಂ ನೌಕರರಿಗೆ ಮಂಗಳೂರಿನ ಪೆಲೆಟ್ ಕಾರ್ಖಾನೆಯೋ ಸ್ವಯಂ ನಿವೃತ್ತಿಯೋ ದಾರಿ ಇತ್ತು. ಗುತ್ತಿಗೆ ಕೂಲಿಗಳಿಗೆ, ಕಳಸ, ಸಂಸೆಯ ಅಂಗಡಿಯವರಿಗೆ, ಜೀಪು ಓಡಿಸುವವರಿಗೆ ಅದೂ ಇರಲಿಲ್ಲ. ವರ್ಷ ಕಳೆದಂತೆ ಕ್ವಾರ್ಟರ್ಸ್‌ಗಳು ಖಾಲಿಯಾದವು. ಗುತ್ತಿಗೆಯ ಕೊನೆಯ ದಿನ 1969ರಲ್ಲೇ, ಕಂಪನಿ ಹುಟ್ಟುವ ಮೊದಲೇ, ಬರೆದಿಟ್ಟಿತ್ತು. ಮುಗಿದ ಮೇಲೆ ಊರಿನ ಗತಿ ಏನು ಎಂದು ಯೋಚಿಸಲು ಮೂವತ್ತು ವರ್ಷವಿತ್ತು. ಯಾರೂ ಯೋಚಿಸಲಿಲ್ಲ.

ಇನ್ನು ಉದ್ಯಾನದೊಳಗಿನ ಊರುಗಳ ವಿಚಾರ. ಗಣಿಯನ್ನು ಹೊರಹಾಕಿದ ಅದೇ ಕಾನೂನು, ಅಲ್ಲೇ ತಲೆಮಾರುಗಳಿಂದ ಇದ್ದ ಮಲೆಕುಡಿಯರಿಗೂ ಸಣ್ಣ ಅಡಿಕೆ ತೋಟದ ಗೌಡರಿಗೂ ಎತ್ತಂಗಡಿಯ ಭಯವಾಗಿ ಕಂಡಿತು. ಕೋಟಿಗಟ್ಟಲೆ ಟನ್ ಅದಿರು ಒಯ್ದವರಿಗೆ ಮೂರು ವರ್ಷದ ರಿಯಾಯಿತಿ ಸಿಕ್ಕಿತು, ಸೊಪ್ಪು ತರಗು ತರುವವನಿಗೆ ಗಾರ್ಡಿನ ಬೈಗುಳ ಎಂದು ಊರವರು ಆಡಿಕೊಂಡರೆ ತಪ್ಪು ಹೇಳಲಾಗದು. ಉದ್ಯಾನ ವಿರೋಧಿ ಒಕ್ಕೂಟ ಹುಟ್ಟಿತು. ಆ ಅಸಮಾಧಾನವನ್ನೇ ಹಿಡಿದು ನಕ್ಸಲೀಯರು ಒಳಬಂದರು. 2003ರ ನವೆಂಬರಿನಲ್ಲಿ ಕಾರ್ಕಳದ ಈದುವಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಯುವತಿಯರು ಸತ್ತರು, 2005ರ ಫೆಬ್ರುವರಿಯಲ್ಲಿ ನಕ್ಸಲ್ ಮುಖಂಡ ಸಾಕೇತ್ ರಾಜನ್ ಹತರಾದರು. ಅತ್ತ ಭದ್ರಾ ಅಭಯಾರಣ್ಯದಲ್ಲಿ 2001-02ರ ಹೊತ್ತಿಗೆ 419 ಕುಟುಂಬಗಳನ್ನು ಜಮೀನು, ಮನೆ ಕೊಟ್ಟು ಹೊರಗೆ ನೆಲೆಗೊಳಿಸಿದ್ದರು. ಗಿರೀಶ್ ಮತ್ತು ಗೆಳೆಯರು ಆ ಕೆಲಸದಲ್ಲೂ ಕೈ ಜೋಡಿಸಿದ್ದವರು. ಕುದುರೆಮುಖದಲ್ಲಿ ಅಂಥ ತಯಾರಿ ಇರಲಿಲ್ಲ. ಭೂಮಿ ಕೊಡುವ ಮೊದಲು ನೋಟಿಸು ಕೊಟ್ಟರೆ ಏನಾಗುತ್ತದೆಯೋ ಅದೇ ಆಯಿತು. ಕೋರ್ಟಿನಲ್ಲಿ ಗೆದ್ದ ಸಂರಕ್ಷಣಾವಾದಿಗಳು ಊರಿನ ಜಗಲಿಯಲ್ಲಿ ಗೆಲ್ಲಲಿಲ್ಲ ಎಂಬುದನ್ನು ಅವರ ಅಭಿಮಾನಿಗಳೂ ಒಪ್ಪಬೇಕು. ಮುಂದೆ ಇಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಮಾತು ಬಂದಾಗ ಎದ್ದ ವಿರೋಧಕ್ಕೂ ಬೇರು ಇಲ್ಲೇ ಇದೆ.

ಇಷ್ಟಾದರೂ, 2005ರಲ್ಲಿ ಗಣಿ ನಿಲ್ಲದಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಅದರ ಹಿಂದೆಯೇ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಗಗನಕ್ಕೆ ಏರಿತು, ಬಳ್ಳಾರಿ ಏನಾಯಿತೆಂದು ಎಲ್ಲರೂ ಕಂಡರು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಅದರಲ್ಲಿತ್ತು. ಗಣಿ ನಡೆಯುತ್ತಿದ್ದರೆ ಆ ಹೆಸರು ಸೇರುತ್ತಿರಲಿಲ್ಲ. ಚಿಣ್ಣಪ್ಪನವರು 2024ರ ಫೆಬ್ರುವರಿಯಲ್ಲಿ ತೀರಿಕೊಂಡರು.

ಅದೇ ವರ್ಷದ ಜೂನಿನಲ್ಲಿ ಕುದುರೆಮುಖ ಕಂಪನಿಯ ಹೆಸರು ಮತ್ತೆ ಪತ್ರಿಕೆಗಳಲ್ಲಿ ಬಂತು, ಈ ಬಾರಿ ಸಂಡೂರಿನ ದೇವದಾರಿ ಬೆಟ್ಟದ ಸುಮಾರು 400 ಹೆಕ್ಟೇರ್ ಕಾಡಿನ ಸಲುವಾಗಿ. ಕುದುರೆಮುಖದಲ್ಲಿ ಮಾಡಿದ ಹಾನಿಗೆ ಕಟ್ಟಬೇಕಾದ ಬಾಕಿ ತೀರಿಸುವ ತನಕ ಆ ಕಾಡನ್ನು ಹಸ್ತಾಂತರಿಸಬೇಡಿ ಎಂದು ಅರಣ್ಯ ಸಚಿವ ಈಶ್ವರ ಖಂಡ್ರೆ ಅಧಿಕಾರಿಗಳಿಗೆ ಸೂಚಿಸಿದರು. ಸರ್ಕಾರ ಹೇಳಿದ ಬಾಕಿಯ ಮೊತ್ತ ಸಾವಿರ ಕೋಟಿ ರೂಪಾಯಿಗೂ ಮೇಲೆ.